ಅಕ್ಕನ ಎಣ್ಣೆ

ನಮ್ಮ ಹಿತ್ತಿಲಲ್ಲಿ ಬೆಳೆಯುತ್ತಿದ್ದ ಒಂದು ಗಿಡದ ಹೆಸರನ್ನು ಮನೆಯೊಳಗೆ ಯಾರೂ ಹೇಳುತ್ತಿರಲಿಲ್ಲ. ತಿಪ್ಪೆಗುಂಡಿಯ ಅಂಚಿನಲ್ಲಿ, ಯಾರೂ ನೆಡದೆ, ನೀರು ಹಾಕದೆ, ಅದು ನನ್ನ ಎದೆಯೆತ್ತರ ಬೆಳೆದಿತ್ತು. ಬಿಳಿಯ ಕಹಳೆಯಂಥ ಹೂ ಬಿಡುತ್ತಿತ್ತು, ಆಮೇಲೆ ಮೈತುಂಬ ಮುಳ್ಳಿನ ಹಸಿರು ಕಾಯಿ. ಊರಿನವರೆಲ್ಲ ಅದನ್ನು ಉಮ್ಮತ್ತಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದು ಅಕ್ಕ. ಸಿಡುಬು ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುವುದಿಲ್ಲವೇ, ಹಾಗೆ. ಅಕ್ಕ ಚಿಗುರಿದ್ದಾಳೆ, ಅಕ್ಕನನ್ನು ಎಮ್ಮೆ ತುಳಿಯದಂತೆ ನೋಡಿಕೋ, ಇವೆಲ್ಲ ನಮ್ಮಲ್ಲಿ ದಿನದ ಮಾತು. ಯಾಕೆ ಹೀಗೆ ಎಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ಅವಳು ನನ್ನ ಬಾಯಿಯ ಮೇಲೆ ಬೆರಳಿಟ್ಟಳು.

"ಎಸ್ರಿಡಿದು ಕೂಗಿದ್ರೆ ಒಳೀಕೆ ಬತ್ತಾಳೆ ಕಣೆ. ಅಕ್ಕ ಅಂದ್ರೆ ಆಚೇಲೇ ನಿಂತ್ಕಂಡು ಕೆಲ್ಸ ಮಾಡ್ಕೊಟ್ಟು ಓಯ್ತಾಳೆ."

ನಮ್ಮದು ಕೋಟೆಯ ಗಾಡಿದಾರಿಗೆ ಮುಖ ಮಾಡಿದ್ದ ನಾಡಹೆಂಚಿನ ಮನೆ. ಕೋಟೆ ಎಂದರೆ ನಮ್ಮ ಕಡೆಯವರಿಗೆ ಹೆಗ್ಗಡದೇವನಕೋಟೆ. ಅಲ್ಲಿಂದಾಚೆಯ ಕಾಡಿನಿಂದ ಮರದ ದಿಮ್ಮಿಗಳನ್ನು ಹೇರಿಕೊಂಡು ಹುಣಸೂರಿಗೆ ಹೋಗುವ ಗಾಡಿಗಳು ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದವು. ದಿಮ್ಮಿ ಎತ್ತಿ ಸೊಂಟ ಹಿಡಿದವರು, ಹೆಗಲು ಇಳಿದವರು, ಕತ್ತು ತಿರುಗಿಸಲಾರದವರು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಮೊಣಕಾಲೂರಿ, ಎಣ್ಣೆ ತಿಕ್ಕುತ್ತಿದ್ದಳು. ಅವಳ ಕೈ ಬಿದ್ದವನು ಮರುದಿನ ಗಾಡಿ ಕಟ್ಟುತ್ತಾನೆ ಎಂಬ ಮಾತಿತ್ತು. ಬೋರೇಗೌಡ ಎಂಬ ಗಾಡಿಯವನು ತಿಂಗಳಿಗೊಮ್ಮೆಯಾದರೂ ಬರುತ್ತಿದ್ದ. ಅವನು ಬಂದನೆಂದರೆ ನಾನು ಇಸ್ಕೂಲಿನ ಚೀಲ ಎಸೆದು ಜಗಲಿಗೆ ಓಡುತ್ತಿದ್ದೆ.

"ಅಜ್ಜೀ, ವಸಿ ನಿಧಾನಕ್ ತಿಕ್ಕು. ನಾನೇನ್ ರಾಗಿಮುದ್ದೆನಾ?"

"ಮುದ್ದೆ ಆಗಿದ್ರೆ ಇಷ್ಟೊತ್ಗೆ ನುಂಗಿಬುಡ್ತಿದ್ದೆ. ಸುಮ್ಕೆ ಬಿದ್ಕಳೋ."

"ನನ್ ಎತ್ಗೂ ಒಂಚೂರು ಅಚ್ಚು. ಅದೂ ನನ್ನಂಗೇ ಗೊಣಗ್ತದೆ."

"ನಿನ್ ಎತ್ತು ನಿನ್ಗಿಂತ ವಾಸಿ ಕಣ್ಲಾ. ಏಳಿದ್ ಮಾತು ಅದ್ಕೆ ತಿಳೀತದೆ."

ಅಜ್ಜಿ ಹೀಗೆ ನಗುನಗುತ್ತಲೇ ಎಣ್ಣೆ ತಿಕ್ಕುತ್ತಿದ್ದಳು. ಆದರೆ ಎಣ್ಣೆ ಕಾಯಿಸುವ ದಿನ ಅವಳು ಬೇರೆಯೇ ಹೆಂಗಸು. ಅವತ್ತು ಬೆಳಗ್ಗೆಯೇ ನಮಗೆಲ್ಲ ಉಣ್ಣಲು ಹಾಕಿ ಅಡುಗೆಮನೆ ಖಾಲಿ ಮಾಡಿಸುತ್ತಿದ್ದಳು. ಹಿಂದಿನ ದಿನವೇ ಅರೆದಿಟ್ಟ ಲಕ್ಕಿಸೊಪ್ಪು, ಎಕ್ಕದ ಎಲೆ, ನುಗ್ಗೆ ತೊಗಟೆ, ಜಜ್ಜಿದ ಬೆಳ್ಳುಳ್ಳಿ, ಒಣಶುಂಠಿ ಎಲ್ಲ ಸಾಲಾಗಿ ಕೂತಿರುತ್ತಿದ್ದವು. ಕೊನೆಯಲ್ಲಿ, ಬೇರೆ ಕಲ್ಲಿನ ಮೇಲೆ ಅರೆದು ಬೇರೆ ಬಟ್ಟೆಯಲ್ಲಿ ಹಿಂಡಿದ ಅಕ್ಕನ ಎಲೆಯ ರಸ. ಮನೆಯಲ್ಲೇ ತೆಗೆದ ಹರಳೆಣ್ಣೆಗೆ ಗಾಣದ ಹುಚ್ಚೆಳ್ಳೆಣ್ಣೆ ಬೆರೆಸಿ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಒಂದೊಂದನ್ನೇ ಬಿಡುತ್ತಿದ್ದಳು. ರಸ ಬಿದ್ದೊಡನೆ ಎಣ್ಣೆ ಗುಸುಗುಸು ಶುರುಮಾಡುತ್ತಿತ್ತು. ಎಲೆಯ ನೀರು ಆರುವವರೆಗೂ ಆ ಸದ್ದು ನಿಲ್ಲುವುದಿಲ್ಲ. ಒಮ್ಮೊಮ್ಮೆ ಅದಕ್ಕೆ ಅರ್ಧ ದಿನ ಬೇಕು. ಎಣ್ಣೆ ಮಾತಾಡುವಷ್ಟು ಹೊತ್ತು ಮನೆಯವರು ಮಾತಾಡಬಾರದು. ಅಜ್ಜಿಯ ಕಟ್ಟಳೆ ಅದು. ಅಪ್ಪ ಕೂಡ ಹೊಲದಿಂದ ಬಂದವನು ಕೈಸನ್ನೆಯಲ್ಲೇ ನೀರು ಕೇಳುತ್ತಿದ್ದ. ನಾನು ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿದ್ದೆ. ತುಂಬ ಹೊತ್ತು ಕೇಳಿದರೆ ಆ ಗುಸುಗುಸುವಿನಲ್ಲಿ ಮಾತುಗಳಿವೆ ಅನ್ನಿಸುತ್ತಿತ್ತು. ಇಬ್ಬರು ಹೆಂಗಸರು ಗೋಡೆಯಾಚೆ ಕೂತು ನಮ್ಮ ಮನೆಯ ವಿಷಯವನ್ನೇ ಆಡಿಕೊಳ್ಳುತ್ತಿರುವ ಹಾಗೆ. ಸದ್ದು ನಿಂತ ಮೇಲೆ ಅಜ್ಜಿ ಒಂದು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚುತ್ತಿದ್ದಳು. ಚಟಚಟ ಎನ್ನದೆ ಸುಮ್ಮನೆ ಉರಿದರೆ ಹದವಾಯಿತೆಂದು ಲೆಕ್ಕ. ಆಗ ಅವಳು ಹಿತ್ತಿಲ ಬಾಗಿಲಿಗೆ ಹೋಗಿ, ಯಾರೂ ಇಲ್ಲದ ಅಂಗಳಕ್ಕೆ ಮುಖ ಮಾಡಿ, "ಆಯ್ತು ಕಣವ್ವ, ಓಗ್ಬಾ" ಎನ್ನುತ್ತಿದ್ದಳು. ಹಾಗೆ ಹೇಳಿ ಬಾಗಿಲು ಹಾಕಿದ ಮೇಲೆಯೇ ನಾವು ಮಾತಾಡಬಹುದಾಗಿತ್ತು.

ಆ ಎಣ್ಣೆಯ ಕುಡಿಕೆ ನಡುಮನೆಯ ಗೋಡೆಯ ಬಲಗೂಡಿನಲ್ಲಿರುತ್ತಿತ್ತು, ಕುತ್ತಿಗೆಗೆ ಗುರುತಿನ ನೀಲಿ ನೂಲು ಸುತ್ತಿಸಿಕೊಂಡು. ಎಡಗೂಡಿನಲ್ಲಿ ದೀಪ. ಇದಕ್ಕಾಗಿ ಅವ್ವನಿಗೂ ಅಜ್ಜಿಗೂ ಜಗಳವಾಗದ ತಿಂಗಳಿಲ್ಲ.

"ಅತ್ತೆ, ಅದ್ನ ಕೊಟ್ಟಿಗೇಲಾದ್ರೂ ಮಡಗಿ. ಮಕ್ಳು ಓಡಾಡೋ ಮನೆ."

"ಕೊಟ್ಟಿಗೇಲಿ ಮಡಗಿದ್ರೆ ಎಗ್ಗಣ ಉರುಳ್ಸಲ್ವಾ? ದೀಪದ ಮುಂದಿದ್ರೆ ಅವ್ಳೂ ನೆಟ್ಗಿರ್ತಾಳೆ, ಬುಡು."

ಈ ಜಗಳ ಮುಗಿಸಲು ಅಜ್ಜಿಯೇ ಕೆಲವು ನೇಮ ಮಾಡಿದ್ದಳು. ಕುಡಿಕೆ ನಡುಮನೆಯ ಹೊಸಿಲು ದಾಟಬಾರದು. ಬೇಕಾದಷ್ಟನ್ನು ಅಲ್ಲೇ ಬಟ್ಟಲಿಗೆ ಬಗ್ಗಿಸಿಕೊಂಡು ಒಯ್ಯಬೇಕು. ಮುಟ್ಟಿದ ಕೈಯನ್ನು ಬೂದಿ ಹಾಕಿ ಮೂರು ಸಲ ತೊಳೆಯಬೇಕು. ಬಾಯಿಗೆ, ಕಣ್ಣಿಗೆ, ಗಾಯಕ್ಕೆ ಸೋಕಬಾರದು. ಬಸುರಿ ಬಾಣಂತಿ ಮಕ್ಕಳ ಹತ್ತಿರ ಸುಳಿಯಬಾರದು. ಇವೆಲ್ಲ ನನಗೆ ಮಗ್ಗಿಯಂತೆ ಬಾಯಿಗೆ ಬರುತ್ತಿದ್ದವು. ಒಂಬತ್ತು ವರ್ಷದ ಹುಡುಗಿ ನೇಮವನ್ನು ಮುರಿದು ಮಾತ್ರವಲ್ಲ, ಪಾಲಿಸಿಯೂ ಕೆಡುಕು ಮಾಡಬಲ್ಲಳು ಎಂಬುದು ಅಜ್ಜಿಗೂ ಹೊಳೆದಿರಲಿಲ್ಲ.

ನನಗೆ ಒಡಹುಟ್ಟಿದ ಅಕ್ಕನೂ ಇದ್ದಳು, ನಿಂಗಮ್ಮ. ಮನೆಯ ಮೊದಲ ಮಗಳು. ನನಗೆ ಬುದ್ಧಿ ತಿಳಿಯುವ ಮೊದಲೇ ಕಟ್ಟೆಮಳಲವಾಡಿಗೆ ಮದುವೆಯಾಗಿ ಹೋಗಿದ್ದಳು. ಹಬ್ಬಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುವ ನೆಂಟಳು ಅವಳು. ದಿನವೂ ಕಣ್ಣೆದುರಿಗಿರುವ ಅಕ್ಕ ತಿಪ್ಪೆಯ ಪಕ್ಕದ ಗಿಡವೇ. ಆ ವರ್ಷ ನಿಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು ಹುಟ್ಟಿತು. ಅಜ್ಜಿ ಅವಳಿಗಾಗಿ ಹರಳೆಣ್ಣೆಗೆ ಬೆಳ್ಳುಳ್ಳಿ, ಓಮ ಹಾಕಿ ಬೇರೆ ಕಾಯಿಸಿ, ಬಾಣಂತಿ ಕೋಣೆಯ ಹಲಗೆಯ ಮೇಲಿಟ್ಟಳು. ನಮಗೆಲ್ಲ ಮುದ್ದೆ, ಅವರೆಕಾಳಿನ ಸಾರು. ನಿಂಗಮ್ಮನಿಗೆ ಮಾತ್ರ ಬಿಸಿ ಅನ್ನ, ಮೆಣಸಿನ ಸಾರು. ದಿನವೂ ಮೈಗೆ ಆ ಎಣ್ಣೆ ತಿಕ್ಕಿ, ಒಂದು ಚಮಚ ಬಾಯಿಗೂ ಹಾಕಿ, ಹಂಡೆ ನೀರು ಹುಯ್ಯುತ್ತಿದ್ದಳು ಅಜ್ಜಿ. ಆಮೇಲೆ ಮಗುವಿನ ಸರದಿ. ಈ ಎಣ್ಣೆಗೆ ಅಜ್ಜಿ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಆದರೆ ಮನೆಯಲ್ಲಿ ಈಗ ಎರಡು ಕುಡಿಕೆಗಳಿದ್ದವು, ಇಬ್ಬರು ಅಕ್ಕಂದಿರಿದ್ದರು.

ಹೆರಿಗೆಯಾದ ಹನ್ನೆರಡನೆಯ ದಿನ ಬೆಳಗ್ಗೆ ಕೋಟೆಯ ದಾರಿಯಲ್ಲಿ ಗಾಡಿ ಮಗುಚಿ ಒಬ್ಬನ ಬೆನ್ನಿಗೆ ಪೆಟ್ಟಾಯಿತೆಂದು ಅಜ್ಜಿಯನ್ನು ಕರೆದುಕೊಂಡು ಹೋದರು. ಅಪ್ಪ ಹುಣಸೂರಿಗೆ ಹೋಗಿದ್ದ. ನೀರು ಹುಯ್ಯುವ ಕೆಲಸ ಅವ್ವನಿಗೆ ಬಿತ್ತು. ನಿಂಗಮ್ಮ ಎದ್ದಾಗಿನಿಂದಲೂ "ಸ್ವಂಟ ಬಿದ್ದೋಗ್ತಾ ಅದೆ ಕಣವ್ವ" ಎಂದು ನರಳುತ್ತಿದ್ದಳು. ಬಚ್ಚಲಲ್ಲಿ ಹೊಗೆ ತುಂಬಿತ್ತು. ಅವ್ವನ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಪುಟ್ಟೀ, ಅಕ್ಕನ ಎಣ್ಣೆ ತಕಬಾರೆ!"

ನಾನು ನಡುಮನೆಗೆ ಹೋದೆ. ಆಗ ನನಗೆ ಇನ್ನೊಂದು ಕುಡಿಕೆಯ ನೆನಪೇ ಬರಲಿಲ್ಲವೇ? ಬಂದಿತ್ತು. ಇಷ್ಟು ವರ್ಷವಾದರೂ ನಾನು ತಿರುತಿರುಗಿ ಹೋಗಿ ನಿಲ್ಲುವುದು ಆ ಒಂದು ಗಳಿಗೆಯ ಎದುರಿಗೇ. ಬಾಣಂತಿ ಕೋಣೆಯ ಬಾಗಿಲ ಮುಂದೆ ಕಾಲು ತಡೆದದ್ದು ನಿಜ. ಆದರೆ ಸೊಂಟನೋವಿನ ಎಣ್ಣೆ ಬಲಗೂಡಿನದು. ಅಕ್ಕನ ಎಣ್ಣೆ ಎಂದರೆ ನಾನು ಹುಟ್ಟಿದಾಗಿನಿಂದ ಬಲಗೂಡಿನದೇ. ಬಾಣಂತಿಯ ಹತ್ತಿರ ಸುಳಿಯಬಾರದೆಂಬ ನೇಮ ಬಾಯಿಗೆ ಬರುತ್ತಿದ್ದದ್ದು ಅವತ್ತು ತಲೆಗೆ ಬರಲಿಲ್ಲ. ತಲೆಗೆ ಬಂದದ್ದು ಒಂದೇ, ಕುಡಿಕೆ ಹೊಸಿಲು ದಾಟಬಾರದೆಂಬುದು. ಮಣೆ ಹತ್ತಿ, ಬಟ್ಟಲಿಗೆ ಬಗ್ಗಿಸಿಕೊಂಡು, ಕುಡಿಕೆಯನ್ನು ಇದ್ದಲ್ಲೇ ಇಟ್ಟೆ. ನೀಲಿ ನೂಲು ಗೂಡಿನಲ್ಲೇ ಉಳಿಯಿತು. ಬಚ್ಚಲ ಬಾಗಿಲಲ್ಲಿ ಅವ್ವ ಬಟ್ಟಲು ತೆಗೆದುಕೊಂಡು, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು:

"ಅಕ್ಕಂದೇ ತಾನೆ?"

"ಊಂ, ಅಕ್ಕಂದೇ."

ಇಬ್ಬರೂ ಸುಳ್ಳು ಹೇಳಲಿಲ್ಲ. ಬೆಳ್ಳುಳ್ಳಿಯ ವಾಸನೆ ಎರಡರಲ್ಲೂ ಇತ್ತು. ಅವ್ವ ನಿಂಗಮ್ಮನ ಕತ್ತಿನಿಂದ ಅಂಗಾಲಿನವರೆಗೂ ತಿಕ್ಕಿದಳು. ಒಂದು ಚಮಚ ಬಾಯಿಗೆ ಹಾಕಿದಳು. ನಿಂಗಮ್ಮ ಮುಖ ಕಿವುಚಿದ್ದು, "ಇವತ್ತು ಕಹಿ ಕಣವ್ವ" ಎಂದದ್ದು, ಅವ್ವ "ಓಮ ಸೀದಿರಬೇಕು, ನುಂಗು" ಎಂದದ್ದು ನನಗೆ ಹೊರಗೆ ಕೇಳಿಸಿತು. ಮಗು ನಿದ್ದೆಯಲ್ಲಿತ್ತು. ಎದ್ದ ಮೇಲೆ ಬಿಸಿಲಲ್ಲಿ ನೀರು ಹುಯ್ದರಾಯಿತು ಎಂದು ಅವ್ವ ಉಳಿದ ಎಣ್ಣೆಯನ್ನು ಮಗುವಿಗಾಗಿ ಒಲೆಯ ಕಟ್ಟೆಯ ಮೇಲಿಟ್ಟಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಿಂಗಮ್ಮ ನೀರು ಕೇಳಿದಳು. ಕುಡಿದಳು, ಮತ್ತೆ ಕೇಳಿದಳು. ನಾಲಿಗೆ ಬಾಯಿಗೆ ಅಂಟುತ್ತಿದೆ ಎಂದಳು. ಅವಳ ಮುಖ ಕೆಂಡದ ಹಾಗೆ ಕೆಂಪಾಗಿತ್ತು, ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ಕಂಬಳಿಯ ಮೇಲಿನಿಂದ ಏನೋ ಎಳೆ ಹಿರಿಯತೊಡಗಿದಳು. ಅಲ್ಲಿ ಎಳೆಯಿರಲಿಲ್ಲ. ಹಿರಿದು ಹಿರಿದು ಬೆರಳಿಗೆ ಸುತ್ತಿಕೊಂಡಳು, ಹಲ್ಲಿನಿಂದ ತುಂಡರಿಸಿದಳು. ಅವ್ವ ಬಗ್ಗಿ ನೋಡಿದಾಗ ನಾನೂ ನೋಡಿದೆ: ಅವಳ ಕಣ್ಣುಗಳಲ್ಲಿ ಬಣ್ಣವೇ ಉಳಿದಿರಲಿಲ್ಲ, ಬರೀ ಕಪ್ಪು. ಆ ಕಣ್ಣು ನಮ್ಮನ್ನು ದಾಟಿ ಕೋಣೆಯ ಮೂಲೆಯಲ್ಲಿ ನಿಂತಿತು. ಅವಳು ನಕ್ಕು, ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬಾರಕ್ಕ. ನಿಂತೇ ಇದ್ದೀಯಲ್ಲ, ಕೂತ್ಕ."

ಅವ್ವ ಅವಳ ಭುಜ ಹಿಡಿದು ಅಲುಗಿಸಿದಳು. "ಯಾರ್ನೇ ಅಕ್ಕ ಅಂತೀಯೆ? ನೀನೇ ಮೊದ್ಲು ಉಟ್ದೋಳು. ನಿಂಗೆಲ್ಲಿ ಅಕ್ಕ?"

"ಇವ್ಳೇ. ಬಿಳೀ ಸೀರೆ ಉಟ್ಟವ್ಳಲ್ಲ."

ಅವ್ವ ಎದ್ದುಬಿಟ್ಟಳು. ಬಾಣಂತಿ ಸನ್ನಿ, ಎಂದಳು ನನಗೆ, ಬಾಣಂತಿಗೆ ಸನ್ನಿ ಹೊಡೆದಿದೆ. ಸನ್ನಿಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ.

"ಉಳಿದ್ ಎಣ್ಣೆ ಬಿಸಿ ಮಾಡ್ಕಂಡ್ ಬತ್ತೀನಿ, ಅಂಗಾಲಿಗೆ ತಿಕ್ಕಬೇಕು. ಮಗೀಗೂ ನೆತ್ತಿಗಿಕ್ಬೇಕು, ಗಾಳಿ ಅದ್ಕೂ ತಗಲ್ಬುಟ್ರೆ? ನೀನು ಇಲ್ಲೇ ಇರು, ಕಣ್ ಕೀಳ್ಬ್ಯಾಡ."

ಅವಳು ಅಡುಗೆಮನೆಗೆ ಓಡಿದಳು. ಒಲೆ ಊದುವ ಸದ್ದು ಕೇಳಿತು. ಬಿಳೀ ಸೀರೆ ಎಂದಾಗಲೇ ನನಗೆ ತಿಳಿದುಹೋಗಿತ್ತು. ತಿಪ್ಪೆಯ ಪಕ್ಕದ ಬಿಳಿ ಹೂ ಕಣ್ಣ ಮುಂದೆ ಬಂತು. ಯಾವ ಬಟ್ಟಲು, ಯಾವ ಗೂಡು, ಎಲ್ಲ ತಿಳಿಯಿತು. ಹೇಳಬೇಕಿತ್ತು. ಅಕ್ಕನ ಎಣ್ಣೆ ತಂದುಬಿಟ್ಟೆ ಎಂದರೆ ಅವ್ವ ಅದನ್ನೇ ತಾನೆ ನಾನು ಕೇಳಿದ್ದು ಎನ್ನುತ್ತಾಳೆ. ಆ ಇನ್ನೊಂದು ಹೆಸರನ್ನು ಹೇಳೋಣವೆಂದರೆ, ಹೇಳಿದರೆ ಒಳಗೆ ಬರುತ್ತಾಳೆ. ಈಗಾಗಲೇ ಮೂಲೆಯಲ್ಲಿ ನಿಂತಿರುವವಳು ಇನ್ನೂ ಹತ್ತಿರ ಬರುತ್ತಾಳೆ. ನಾನು ಮೂಲೆಯ ಕಡೆ ನೋಡದೆ, ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದೆ. ನಿಂಗಮ್ಮ ಮಗುವನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ಹಾದು, ಹಿತ್ತಿಲ ಬಾಗಿಲು ತೆಗೆದದ್ದು ಆಗ.

ನಾನು ಹಿಂದೆಯೇ ಓಡಿದೆ. ಹಿತ್ತಿಲಲ್ಲಿ ಸುಡುವ ಬಿಸಿಲು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ನಮ್ಮ ಬಾವಿಯ ಕಟ್ಟೆ ಮೊಣಕಾಲೆತ್ತರ ಅಷ್ಟೇ. ನಿಂಗಮ್ಮ ಅದರ ಮೇಲೆ ಒಂದು ಕಾಲಿಟ್ಟು, ಬಗ್ಗಿ, ಒಳಗೆ ನೋಡಿ ತಲೆಯಾಡಿಸುತ್ತಿದ್ದಳು, ಯಾರೋ ಹೇಳಿದ್ದಕ್ಕೆ ಹೂಂಗುಟ್ಟುವ ಹಾಗೆ. ಮಗುವನ್ನು ಸುತ್ತಿದ್ದ ಹಳೆಸೀರೆಯ ತುದಿ ಬಾವಿಯೊಳಕ್ಕೆ ಇಳಿಬಿದ್ದಿತ್ತು.

"ಅಕ್ಕಾ, ಬ್ಯಾಡ. ಬಾ."

ಅವಳು ತಿರುಗದೆಯೇ ಹೇಳಿದಳು: "ಅಕ್ಕ ಕೇಳ್ತಾವ್ಳೆ ಕಣೆ. ಕೊಡು, ಒಂದ್ ಗಳಿಗೆ ಎತ್ಕಂಡಿದ್ದು ಕೊಡ್ತೀನಿ ಅಂತಾವ್ಳೆ. ನೋಡು, ಎಂಗೆ ಕೈ ನೀಡ್ಕಂಡು ನಿಂತವ್ಳೆ."

ಅವಳು ಎರಡೂ ಕೈಯಲ್ಲಿ ಮಗುವನ್ನು ಮುಂದಕ್ಕೆ ಹಿಡಿದಳು. ಆಮೇಲಿನದು ನಾನು ಯೋಚಿಸಿ ಮಾಡಿದ್ದಲ್ಲ. ಅವಳ ಸೆರಗಿಗೆ ಜೋತುಬಿದ್ದು, ಜೀವಮಾನದಲ್ಲಿ ಮೊದಲ ಸಲ, ಮನೆಯ ಅಂಗಳದಲ್ಲಿ ನಿಂತು ಕೂಗಿದೆ.

"ಅದು ಅಕ್ಕ ಅಲ್ಲ! ಉಮ್ಮತ್ತಿ! ಉಮ್ಮತ್ತಿ! ನಾನೇ ತಂದ್ಕೊಟ್ಟೆ, ಉಮ್ಮತ್ತಿ!"

ನಿಂಗಮ್ಮ ಕತ್ತು ತಿರುಗಿಸಿದಳು. ಅಷ್ಟೇ ಹೊತ್ತು ಸಾಕಾಯಿತು. ಹಿತ್ತಿಲ ಬೇಲಿಯ ದಣಪೆ ದಾಟಿ ಬರುತ್ತಿದ್ದ ಅಜ್ಜಿ ಬುಟ್ಟಿಯನ್ನು ಅಲ್ಲೇ ಎಸೆದು ಬಂದದ್ದನ್ನು ನಾನು ನೋಡಲಿಲ್ಲ. ಮಗು ಅವಳ ಕಂಕುಳಲ್ಲಿದ್ದುದನ್ನು ನೋಡಿದೆ. ಇನ್ನೊಂದು ಕೈಯಿಂದ ನಿಂಗಮ್ಮನ ಜಡೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ಆಮೇಲೆ ಅವಳ ರೆಪ್ಪೆ ಬಿಡಿಸಿ ನೋಡಿದಳು. ಅಡುಗೆಮನೆಯಿಂದ ಬಿಸಿ ಬಟ್ಟಲು ಹಿಡಿದು ಅವ್ವ ಓಡಿಬಂದಳು. ಅಜ್ಜಿ ಆ ಬಟ್ಟಲನ್ನು ಕಾಲಿನಿಂದ ಒದ್ದಳು. ಎಣ್ಣೆ ಮಣ್ಣಿಗೆ ಬಿದ್ದು ಗುಸುಗುಸು ಎಂದಿತು.

ಹೆಸರು ಕಿವಿಗೆ ಬೀಳದಿದ್ದರೆ ತಾನೂ ಸನ್ನಿಯೆಂದೇ ಅಂದುಕೊಂಡು ಅದೇ ಎಣ್ಣೆ ತಿಕ್ಕುತ್ತಿದ್ದೆ ಎಂದು ಅಜ್ಜಿ ಆಮೇಲೆ ಅವ್ವನಿಗೆ ಹೇಳಿದ್ದು ಕೇಳಿಸಿಕೊಂಡಿದ್ದೇನೆ. ಅವತ್ತು ಅವಳು ನಿಂಗಮ್ಮನನ್ನು ಒಳಗೆ ಒಯ್ದಳು. ಉಪ್ಪುನೀರು ಕುಡಿಸಿ ಕುಡಿಸಿ ವಾಂತಿ ಮಾಡಿಸಿದಳು. ಕಡಲೆಹಿಟ್ಟು, ಸೀಗೇಪುಡಿ ಹಾಕಿ ಮೈಯೆಲ್ಲ ಉಜ್ಜಿ ಎಣ್ಣೆ ಬಿಡಿಸಿದಳು. ಕೋಣೆಯ ಕಿಂಡಿಗೆ ಗೋಣಿ ಮುಚ್ಚಿ ಕತ್ತಲು ಮಾಡಿದಳು. ಮೂರು ದಿನ ಮಗುವಿಗೆ ಮೇಕೆ ಹಾಲು. ನಾಲ್ಕನೆಯ ದಿನ ನಿಂಗಮ್ಮ ಮಗುವನ್ನು ಮುಖದ ಹತ್ತಿರಕ್ಕೆ ಹಿಡಿದುಕೊಂಡು, ಕಣ್ಣು ಇನ್ನೂ ಮಬ್ಬಾಗಿದ್ದರಿಂದ, ಬೆರಳುಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು. "ಇದು ನಂದೇ ತಾನೆ?" ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ನಾನು ಅಜ್ಜಿಯನ್ನು ಕರೆಯಲು ಓಡಿದೆ. ಅಂಥ ಪ್ರಶ್ನೆಗೆ ಊಂ ಎಂದು ಒಮ್ಮೆ ಹೇಳಿಯಾಗಿತ್ತು.

ಅಜ್ಜಿ ಎಣ್ಣೆ ಕಾಯಿಸುವುದನ್ನು ಬಿಡಲಿಲ್ಲ. ದಿಮ್ಮಿ ಎತ್ತುವವರ ಬೆನ್ನು ನೋಯುವುದು ನಿಂತಿರಲಿಲ್ಲ. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಸ ಎಣ್ಣೆ ಇಳಿಸಿದ ದಿನ ಖಾಲಿ ಕುಡಿಕೆಯನ್ನೂ ಕಲಸಿದ ಸುಣ್ಣವನ್ನೂ ತಂದು ನನ್ನ ಮುಂದಿಟ್ಟಳು.

"ಇಸ್ಕೂಲ್ ಕಲ್ತೋಳಲ್ವಾ ನೀನು? ಇದ್ರ ಮ್ಯಾಲೆ ಬರಿ."

"ಏನಂತ ಬರೀಲಿ ಅಜ್ಜಿ?"

"ಬಾವಿ ತಾವ ಕೂಗಿದ್ಯಲ್ಲ, ಅದ್ನ."

ನಾನು ಬೆರಳನ್ನು ಸುಣ್ಣದಲ್ಲಿ ಅದ್ದಿ ಮೂರಕ್ಷರ ಬರೆದೆ. ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ತುಂಬ ಹೊತ್ತು ನೋಡಿದಳು. ಅಭ್ಯಾಸದಂತೆ ನಾನು ಅಕ್ಷರದ ಮೇಲೆ ಬೆರಳಿಟ್ಟು ಓದಲು ಹೊರಟೆ. ಅವಳು ಥಟ್ಟನೆ ನನ್ನ ಬಾಯಿ ಮುಚ್ಚಿದಳು.

"ಓದ್ಬ್ಯಾಡ. ಬರ್ದದಲ್ಲ, ಅಷ್ಟೇ ಸಾಕು."

ಬಾಯಲ್ಲಿ ಆಡಲಾಗದ್ದನ್ನು ಬರೆದಿಡಬಹುದು ಎಂದು ನನಗೆ ಕಲಿಸಿದ್ದು ಓದು ಬಾರದ ಆ ಮುದುಕಿ. ನಾನು ಓದಬೇಕೆಂದು ಹಟ ಹಿಡಿದದ್ದು, ಅಪ್ಪ ಸೋತು ಮೈಸೂರಿಗೆ ಕಳಿಸಿದ್ದು, ಕಾಲೇಜಿನಲ್ಲಿ ಸಸ್ಯಗಳ ಪಾಠಕ್ಕೆ ಕೂತದ್ದು ಎಲ್ಲ ಆ ಮೂರಕ್ಷರದಿಂದ. ಒಂದು ದಿನ ಮೇಷ್ಟ್ರು ಮುಳ್ಳಿನ ಕಾಯಿಯಿದ್ದ ಒಂದು ಕೊಂಬೆ ಎತ್ತಿ ಹಿಡಿದು, ಹಳ್ಳಿಯಿಂದ ಬಂದವಳು ನೀನು, ಇದನ್ನು ಏನೆನ್ನುತ್ತಾರೆ ಹೇಳು ಎಂದರು. ನಾನು ಎದ್ದು ನಿಂತು "ಅಕ್ಕ" ಎಂದೆ. ತರಗತಿಯೇ ನಕ್ಕಿತು. ಮೇಷ್ಟ್ರು ನಗದೆ ಪಾಠ ಮುಂದುವರಿಸಿದರು: ಕಣ್ಣಿನ ಪಾಪೆ ಹಿಗ್ಗುತ್ತದೆ, ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಇಲ್ಲದವರು ಕಾಣಿಸುತ್ತಾರೆ. ನಾನು ಎಲ್ಲವನ್ನೂ ಬರೆದುಕೊಂಡೆ. ಎಲ್ಲಕ್ಕೂ ಕಾರಣವಿತ್ತು. ಅವತ್ತು ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯಾಗಿ ಮಲಗಿದೆ.

ಆ ನೆಮ್ಮದಿ ನನ್ನ ಕೂದಲು ಬೆಳ್ಳಗಾಗುವವರೆಗೂ ಉಳಿದಿತ್ತು. ಅವತ್ತಿನ ಮಗು ಈಗ ತಾನೂ ಒಂದು ಮಗುವಿನ ತಂದೆ. ಆ ಕೂಸನ್ನು ನೋಡಲು ಕಟ್ಟೆಮಳಲವಾಡಿಗೆ ಹೋಗಿದ್ದೆ. ನಡುಹಗಲು. ಅಕ್ಕ ಹಿತ್ತಿಲಲ್ಲಿ ಕಾಲು ನೀಡಿಕೊಂಡು ಕೂತು, ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡಿದ್ದಳು. ಎಣ್ಣೆ ಬಟ್ಟಲನ್ನು ಮೊದಲು ನನ್ನ ಮೂಗಿಗೆ ಹಿಡಿದಳು, ಎಂದಿನ ಹಾಗೆ. ಬರೀ ಕೊಬ್ಬರಿ ಎಣ್ಣೆ ಎಂದೆ. ಆಗಲೂ ಅವಳು ಹಚ್ಚಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆವರೆಗೆ ನಾವಿಬ್ಬರೂ ಆ ದಿನದ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

"ಪುಟ್ಟೀ, ಅವತ್ತು ಬಾವೀಲಿ ಕೈ ನೀಡ್ಕಂಡಿದ್ಲಲ್ಲ, ಅವ್ಳು ಯಾರಂಗಿದ್ಲು ಅಂತ ನೀನು ಯಾವತ್ತೂ ಕೇಳ್ನಿಲ್ಲ."

"ಯಾರಂಗಿದ್ಲು?"

"ಆಗ ಗುರ್ತು ಅತ್ನಿಲ್ಲ ಕಣೆ. ನೀನಾಗ ಇಷ್ಟುದ್ದ ಉಡುಗಿ. ಈಗ ಆ ಬಾಗ್ಲಲ್ಲಿ ಬಂದ್ ನಿಂತ್ಯಲ್ಲ, ಬಿಳೀ ಸೀರೆ, ಬಿಳೀ ತಲೆ. ಈಗ ಗುರ್ತು ಅತ್ತಿತು, ನೀನೇ."

ನಾನು ಪಾಪೆಯ ಮಾತು, ಮದ್ದಿನ ಮಾತು ಏನೇನೋ ಹೇಳಿದೆ. ಅಂಗಳದ ಮೂಲೆಯಲ್ಲಿ ಅವರ ಮನೆಯ ಬಾವಿ. ಹಂಡೆಯ ನೀರು ಕುದಿಯುವ ಸದ್ದು ಕೇಳಿ ಅಕ್ಕ ಮಗುವನ್ನೆತ್ತಿಕೊಂಡು ಎದ್ದಳು. ಒಲೆಯ ಹತ್ತಿರ ಹೋಗಬೇಕಿತ್ತು, ಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕಿತ್ತು. "ಕೊಡು" ಎಂದು ನನ್ನ ಕೈಗಳು ತಾವಾಗಿಯೇ ಮುಂದಕ್ಕೆ ಹೋಗಿದ್ದವು. ಅಕ್ಕ ನಿಂತಲ್ಲೇ ನಿಂತಳು. ನಾನು ಕೈ ಹಿಂದಕ್ಕೆಳೆದುಕೊಂಡು, ಬಾವಿಗೆ ಬೆನ್ನು ಮಾಡಿ, ನೆಲದ ಮೇಲೆ ಕೂತೆ. ಕಾಲು ನೀಡಿದೆ. ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಏನೂ ಕೇಳದೆ, ಕಾದೆ.

ಅಕ್ಕ ಬಗ್ಗಿ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಹಂಡೆಯ ನೀರು ಉಕ್ಕಿ ಒಲೆಗೆ ಬಿದ್ದು ಚೊರ್ ಎಂದಿತು. ಅವಳು ಮಗುವಿನ ಮೇಲಿಂದ ಕೈ ತೆಗೆಯಲಿಲ್ಲ.